ಸ್ಪೋರ್ಟ್ಸ್ ಕಾರು, ವಿಡಿಯೊ ಗೇಮು, ಕಾಸರಗೋಡಿನ ತಿರುವುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಸುತ್ತ ಅಡಿಕೆ ತೋಟ. ಚಾವಡಿಯ ಪಕ್ಕದ ಕೋಣೆಯಲ್ಲಿ ಒಂದು ಸ್ಟಿಯರಿಂಗ್, ಮೂರು ಪೆಡಲ್, ಒಂದು ಟಿವಿ. ಅಂಗಳದಲ್ಲಿ ಹಳೆಯ ಸ್ವಿಫ್ಟ್. ಮನೆಗೆ ಬಂದವರು ಇದನ್ನೆಲ್ಲ ನೋಡಿ ಏನಾದರೊಂದು ಕೇಳಿಯೇ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಬಸ್ಸಿಗೆ ಕಾಯುವಾಗ ಕೇಳುತ್ತಾರೆ. ಪ್ಲಸ್ ಟು ಓದುವ ಮಕ್ಕಳು ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಮೊದಲು ಹತ್ತಿದ ಹುಚ್ಚು ಯಾವುದು? ಕಾರಾ, ಗೇಮಾ?

ಗೇಮು. ನಾನು ಹೈಸ್ಕೂಲಿನಲ್ಲಿದ್ದಾಗ ದುಬೈಯಲ್ಲಿದ್ದ ದೊಡ್ಡಮಾವ ಊರಿಗೆ ಬರುವಾಗ ಪ್ಲೇಸ್ಟೇಷನ್ 2 ತಂದರು. ಜೊತೆಗೆ ಇದ್ದ ಡಿಸ್ಕ್ ಒಂದೇ, ಗ್ರಾನ್ ಟುರಿಸ್ಮೊ 4. ಅದರಲ್ಲಿ 700ಕ್ಕೂ ಹೆಚ್ಚು ಕಾರುಗಳು. ನಾನು ಅಲ್ಲಿಯವರೆಗೆ ಹತ್ತಿರದಿಂದ ನೋಡಿದ್ದು ಅಂಬಾಸಿಡರ್, ಮಾರುತಿ 800, ಓಮ್ನಿ ಮತ್ತು ಮುಳ್ಳೇರಿಯದ ಸರ್ವಿಸ್ ಜೀಪು, ಅಷ್ಟೇ.

ಆ ಗೇಮಿನಲ್ಲಿ ಹೆಚ್ಚಿನ ರೇಸಿಗೆ ಇಳಿಯುವ ಮೊದಲು ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಒಂದು ಪರೀಕ್ಷೆಯಲ್ಲಿ ಒಂದೇ ತಿರುವು. ಇನ್ನೊಂದರಲ್ಲಿ ನೇರ ಹೋಗಿ ಗೆರೆಯೊಳಗೆ ನಿಲ್ಲಿಸಬೇಕು, ಅಷ್ಟೇ ಕೆಲಸ. ಓಣಂ ರಜೆ ಪೂರ್ತಿ ನಾನು ಆ ಒಂದೊಂದು ತಿರುವಿನಲ್ಲೇ ಕಳೆದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತಿರುವು ಅದೇ, ವೇಗ ಅದೇ, ಆದರೆ ಎರಡು ಕಾರು ಎರಡು ಥರ ನಡೆದುಕೊಳ್ಳುತ್ತಿದ್ದವು. ಒಂದು ಮೂಗು ಹೊರಗೆ ಹಾಕಿ ನೇರ ಹೋಗುತ್ತಿತ್ತು. ಇನ್ನೊಂದು ಹಿಂಭಾಗ ಬೀಸಿ ಗಿರಗಿರ ತಿರುಗುತ್ತಿತ್ತು. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದೆ. ಎಂಜಿನ್ ಎಲ್ಲಿ ಕೂತಿದೆ, ಯಾವ ಚಕ್ರ ತಳ್ಳುತ್ತದೆ, ಟಯರು ಎಷ್ಟು ಅಗಲ, ಹೀಗೆ ಒಂದೊಂದೇ ಗೊತ್ತಾಯಿತು. ಕಾರಿನ ಹುಚ್ಚು ಹತ್ತಿದ್ದು ಅಲ್ಲಿಂದ. ತಿರುವಿನಲ್ಲಿ ಗಾಡಿಯ ತೂಕ ಎಲ್ಲಿಗೆ ಹೋಗುತ್ತದೆ ಎಂಬ ಆ ಪ್ರಶ್ನೆಯನ್ನು ಇವತ್ತಿಗೂ ಕೋಣೆಯಲ್ಲೂ ಕೇಳುತ್ತೇನೆ, ರಸ್ತೆಯಲ್ಲೂ ಕೇಳುತ್ತೇನೆ. ಎರಡು ಹವ್ಯಾಸ ಅಂತ ನನಗೆ ಅನಿಸಿದ್ದೇ ಇಲ್ಲ.

ಸ್ಪೋರ್ಟ್ಸ್ ಕಾರು ಅಂದರೆ ಎಂತದು? ಜೋರಾಗಿ ಓಡುವ ಕಾರೆಲ್ಲ ಸ್ಪೋರ್ಟ್ಸ್ ಕಾರಲ್ವಾ?

ನನ್ನ ಲೆಕ್ಕದಲ್ಲಿ ಅಲ್ಲ. ಈಗಿನ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿಗಳು ನೇರ ರಸ್ತೆಯಲ್ಲಿ ಹಳೆಯ ಫೆರಾರಿಯನ್ನೂ ಹಿಂದೆ ಹಾಕುತ್ತವೆ. ಆದರೆ ಎರಡು ಟನ್ ತೂಕ ಹೊತ್ತು ತಿರುವಿಗೆ ಬಂದಾಗ ಕಥೆ ಬೇರೆ. ಸ್ಪೋರ್ಟ್ಸ್ ಕಾರನ್ನು ಓಡಿಸುವವನ ಸಂತೋಷಕ್ಕೆ ಅಂತಲೇ ಕಟ್ಟಿರುತ್ತಾರೆ. ನೆಲಕ್ಕೆ ಹತ್ತಿರ, ತೂಕ ಕಡಿಮೆ, ತಿರುಗಿಸಿದ ಕೂಡಲೇ ತಿರುಗಬೇಕು, ಚಕ್ರದ ಕೆಳಗೆ ಏನಾಗ್ತಿದೆ ಅಂತ ಕೈಗೆ ತಿಳಿಯಬೇಕು.

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ನೋಡಿ. ಎರಡೇ ಸೀಟು, ಸಣ್ಣ ಎಂಜಿನ್, ಮುಂದೆ ಎಂಜಿನ್ ಇದ್ದರೂ ತಳ್ಳುವುದು ಹಿಂದಿನ ಚಕ್ರ. ದೊಡ್ಡ ಶಕ್ತಿ ಏನಿಲ್ಲ. ಆದರೂ ಹತ್ತು ಲಕ್ಷಕ್ಕೂ ಹೆಚ್ಚು ಮಾರಿದ್ದಾರೆ, ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅದರದ್ದೇ ದಾಖಲೆ.

ಪೋರ್ಷೆ 911ರದ್ದು ಇನ್ನೊಂದು ದಾರಿ. 1963ರಲ್ಲಿ ಮೊದಲು ತೋರಿಸಿದಾಗಿನಿಂದ ಇವತ್ತಿನವರೆಗೂ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರಿನಿಂದ ತಟ್ಟನೆ ಕಾಲು ತೆಗೆದರೆ ತೂಕ ಮುಂದಕ್ಕೆ ಬಂದು ಹಿಂಭಾಗ ಹಗುರಾಗುತ್ತದೆ. ಹಿಂದೆ ಕೂತ ಆ ಭಾರ ಆಗ ಹೊರಗೆ ಬೀಸುತ್ತದೆ. ಹಳೆಯ 911ಗಳಿಗೆ ಜನ ಹೆದರುತ್ತಿದ್ದುದು ಇದಕ್ಕೇ. ಗೇಮಿನಲ್ಲಿ ನಾನು ಇದನ್ನು ನೂರು ಸಲ ಮಾಡಿಕೊಂಡಿದ್ದೇನೆ. ಒಂದು ರೂಪಾಯಿ ಖರ್ಚಿಲ್ಲದೆ ಕಾಲಿಗೆ ಬುದ್ಧಿ ಬಂತು.

ನಮ್ಮ ಕಾಸರಗೋಡಿನಲ್ಲಿ ಅಂಥ ಕಾರು ನೋಡಲಿಕ್ಕೆ ಸಿಗುತ್ತದಾ?

ಸಿಗುತ್ತದೆ. ಅದೂ ಗಲ್ಫಿನ ನಂಬರ್ ಪ್ಲೇಟ್ ಜೊತೆಗೆ. ಗಲ್ಫಿನಲ್ಲಿರುವ ನಮ್ಮವರು ಕೆಲವರು ಕಾರ್ನೆಟ್ ಎಂಬ ಕಾಗದ ಮಾಡಿಸಿ, ಕಾರನ್ನು ಹಡಗಿನಲ್ಲಿ ತರಿಸಿ, ರಜೆಯ ಕೆಲವು ತಿಂಗಳು ಇಲ್ಲಿ ಓಡಿಸಿ ವಾಪಸ್ ಒಯ್ಯುತ್ತಾರೆ. ಎಡಗಡೆ ಸ್ಟಿಯರಿಂಗ್ ಇರುವ ಕಾರು ಕುಂಬಳೆ ಪೇಟೆಯಲ್ಲಿ ನಿಂತರೆ ಸುತ್ತ ಹತ್ತು ಜನ ಸೇರುತ್ತಾರೆ.

ಬೇಕಲ ಕೋಟೆಯ ಹತ್ತಿರ ಒಮ್ಮೆ ದುಬೈ ನಂಬರಿನ ಮಸ್ಟಾಂಗ್ ನೋಡಿದೆ. ಐದು ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. ನಾನು ಸುತ್ತು ಹಾಕುವುದನ್ನು ನೋಡಿ ಅದರ ಯಜಮಾನರು ಮಲಯಾಳದಲ್ಲಿ ಮಾತಾಡಿಸಿದರು, ಬಾನೆಟ್ ಎತ್ತಿ ತೋರಿಸಿದರು, ಸ್ಟಾರ್ಟ್ ಮಾಡಿದರು. ನಿಂತಲ್ಲೇ ಗುಡುಗುಡು ಅನ್ನುವ ಆ ಸದ್ದು! ಬಯಲಾಟ ಶುರುವಾಗುವ ಮೊದಲು ಚೆಂಡೆಯವರು ಮೆಲ್ಲ ಮೆಲ್ಲ ಪೆಟ್ಟು ಹಾಕುತ್ತಾರಲ್ವಾ, ಹಾಗೆ. ಎದೆಯ ಒಳಗೆ ಕೇಳುತ್ತದೆ. ಟಿವಿಯ ಸ್ಪೀಕರಿನಲ್ಲಿ ಅದು ಬರುವುದಿಲ್ಲ.

ಒಂದು ಮಾತು: ಕೇಳದೆ ಮುಟ್ಟಬೇಡಿ, ಬಾಗಿಲಿಗೆ ಒರಗಿ ಫೋಟೊ ತೆಗೆಯಬೇಡಿ. ಕೇಳಿದರೆ ಹೆಚ್ಚಿನವರು ಸಂತೋಷದಿಂದ ತೋರಿಸುತ್ತಾರೆ.

ಗೇಮ್ ಆಡಿದರೆ ನಿಜವಾಗಿ ಡ್ರೈವಿಂಗ್ ಬರುತ್ತದಾ?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ, ಆದ್ದರಿಂದ ಉದ್ದಕ್ಕೇ ಹೇಳುತ್ತೇನೆ. ಕೆಲವು ಬರುತ್ತವೆ, ಕೆಲವು ಬರುವುದೇ ಇಲ್ಲ.

ಬರುವುದರಲ್ಲಿ ಮೊದಲನೆಯದು ತೂಕದ ಅಂದಾಜು. ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದೆ ವಾಲುತ್ತಾರೆ. ಕಾರಿನ ತೂಕವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆಗ ಮುಂದಿನ ಟಯರಿಗೆ ಹಿಡಿತ ಜಾಸ್ತಿ, ಹಿಂದಿನದಕ್ಕೆ ಕಡಿಮೆ. ಒಂದೊಂದು ಟಯರು ನೆಲಕ್ಕೆ ತಾಗುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ಬ್ರೇಕು, ತಿರುವು, ವೇಗ ಮೂರಕ್ಕೂ ಆ ಅಂಗೈಯಷ್ಟು ಹಿಡಿತದಲ್ಲೇ ಪಾಲು ಹಾಕಬೇಕು. ಬ್ರೇಕಿಗೆ ಪೂರ್ತಿ ಕೊಟ್ಟರೆ ತಿರುಗಲು ಏನೂ ಉಳಿಯುವುದಿಲ್ಲ. ಒಳ್ಳೆಯ ಸಿಮ್ಯುಲೇಟರ್, ಅಂದರೆ ಕಾರು ನಿಜವಾದದ್ದರ ಹಾಗೆಯೇ ನಡೆದುಕೊಳ್ಳುವ ಗೇಮು, ಇದನ್ನು ದಿನಾ ಕಲಿಸುತ್ತದೆ.

ಎರಡನೆಯದು ಕಣ್ಣು. ಹೊಸಬರು ಬಾನೆಟ್ಟಿನ ತುದಿ ನೋಡುತ್ತಾರೆ. ತಿರುವು ಮುಗಿಯುವ ಜಾಗ ನೋಡಬೇಕು. ಕಣ್ಣು ಹೋದ ಕಡೆಗೆ ಕೈ ಹೋಗುತ್ತದೆ.

ಮೂರನೆಯದು ಬ್ರೇಕು ಎಲ್ಲಿ ಮುಗಿಸಬೇಕು ಎಂಬುದು. ತಿರುವಿನ ಮೊದಲೇ ವೇಗ ಇಳಿಸಿ, ಆಮೇಲೆ ಮೆಲ್ಲ ಎತ್ತುತ್ತಾ ಹೊರಗೆ ಬರುವುದು. ಸಂಪಾಜೆ ಘಾಟಿಯಲ್ಲಿ ಮಡಿಕೇರಿಗೆ ಹತ್ತುವಾಗ ಇದು ನನಗೆ ಪ್ರತಿ ತಿರುವಿನಲ್ಲೂ ಉಪಕಾರಕ್ಕೆ ಬಂದಿದೆ.

ಬರದೇ ಇರುವುದು ಹೆಚ್ಚು ಮುಖ್ಯ. ಗೇಮಿನಲ್ಲಿ ಮೈಗೆ ಏನೂ ಗೊತ್ತಾಗುವುದಿಲ್ಲ. ನಿಜವಾದ ಕಾರು ಜಾರುವುದು ಮೊದಲು ಸೊಂಟಕ್ಕೆ ತಿಳಿಯುತ್ತದೆ, ಆಮೇಲೆ ಕಣ್ಣಿಗೆ. ಗೇಮಿನಲ್ಲಿ ನಾಯಿ ಅಡ್ಡ ಬರುವುದಿಲ್ಲ. ಶಾಲೆ ಬಿಟ್ಟ ಮಕ್ಕಳು ಗುಂಪಾಗಿ ನಡೆಯುವುದಿಲ್ಲ. ತಿರುವಿನ ಆಚೆ ಕೆಂಪುಕಲ್ಲು ತುಂಬಿದ ಲಾರಿ ಕೆಟ್ಟು ನಿಂತಿರುವುದಿಲ್ಲ. ಟ್ರ್ಯಾಕಿನಲ್ಲಿ ರಸ್ತೆಯ ಪೂರ್ತಿ ಅಗಲ ಬಳಸಿ, ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಗೆರೆ ಹಿಡಿಯುತ್ತೇವೆ. ಆ ಗೆರೆಯನ್ನು ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಹಿಡಿದರೆ ಎದುರಿನವನ ಪಾಲಿನ ರಸ್ತೆಗೆ ಹೋಗಿರುತ್ತೀರಿ.

ನನ್ನದೇ ಒಂದು ಘಟನೆ ಹೇಳುತ್ತೇನೆ. ಒಂದು ಜೂನಿನ ಮೊದಲ ಮಳೆ. ಆದೂರು ದಾಟಿ ಬರುತ್ತಿದ್ದೆ. ಬೇಸಿಗೆಯಿಡೀ ರಸ್ತೆಯಲ್ಲಿ ಕೂತ ಎಣ್ಣೆ, ಧೂಳು, ಮೊದಲ ಮಳೆಗೆ ಸಾಬೂನಿನ ಹಾಗೆ ಆಗುತ್ತದೆ. ನನಗೆ ಅದು ಗೊತ್ತಿತ್ತು, ಆದರೂ ವೇಗ ಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಒಂದು ಹಲಸಿನ ಮರದ ತಿರುವಿನಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತು. ಮೂಗು ನೇರ ಹೋಗತೊಡಗಿತು. ನನ್ನ ಸ್ವಿಫ್ಟ್‌ನಲ್ಲಿ ಎಬಿಎಸ್ ಇಲ್ಲ, ಅಂದರೆ ಜೋರಾಗಿ ಬ್ರೇಕ್ ತುಳಿದರೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಇಲ್ಲ. ಹೆದರಿದವರು ಆ ಹೊತ್ತಿಗೆ ಬ್ರೇಕ್ ತುಳಿದು ಸ್ಟಿಯರಿಂಗ್ ಇನ್ನೂ ತಿರುಗಿಸುತ್ತಾರೆ. ನನ್ನ ಕೈ ತಾನಾಗಿ ಸ್ವಲ್ಪ ಸಡಿಲ ಬಿಟ್ಟಿತು, ಕಾಲು ಬ್ರೇಕಿನಿಂದ ಎದ್ದಿತು, ಟಯರು ಮತ್ತೆ ನೆಲ ಹಿಡಿಯಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಕೈಗೆ ಆ ಅಭ್ಯಾಸ ಬಂದದ್ದು ಗೇಮಿನಿಂದ, ಅದರಲ್ಲಿ ಸಂಶಯವಿಲ್ಲ. ಎದುರು ಯಾರೂ ಬರದಿದ್ದದ್ದು ಅದೃಷ್ಟ. ಮುಂದೆ ಹೋಗಿ ಗಾಡಿ ಬದಿಗೆ ಹಾಕಿದೆ. ಕೈ ನಡುಗುವುದು ನಿಲ್ಲಲು ತುಂಬ ಹೊತ್ತು ಬೇಕಾಯಿತು.

ಗೇಮಿನಿಂದ ನಿಜವಾದ ರೇಸರ್ ಆದವರು ಇದ್ದಾರಾ?

ಇದ್ದಾರೆ. ನಿಸ್ಸಾನ್ ಮತ್ತು ಪ್ಲೇಸ್ಟೇಷನ್ ಸೇರಿ ಜಿಟಿ ಅಕಾಡೆಮಿ ಅಂತ ನಡೆಸುತ್ತಿದ್ದರು. ಗ್ರಾನ್ ಟುರಿಸ್ಮೊದಲ್ಲಿ ವೇಗದ ಲ್ಯಾಪ್ (ಟ್ರ್ಯಾಕಿನ ಒಂದು ಪೂರ್ತಿ ಸುತ್ತು) ಹಾಕಿದವರನ್ನು ಆರಿಸಿ ನಿಜವಾದ ಕಾರಿನಲ್ಲಿ ಕೂರಿಸಿ ನೋಡುವುದು. 2008ರಲ್ಲಿ ಸ್ಪೇನಿನ ಲೂಕಾಸ್ ಒರ್ಡೊನ್ಯೆಸ್ ಗೆದ್ದರು. 2011ರಲ್ಲಿ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಗೆದ್ದರು. ಎರಡೇ ವರ್ಷದಲ್ಲಿ, 2013ರ ಲಮಾನ್ 24 ಗಂಟೆಯ ರೇಸಿನಲ್ಲಿ ಅವರ ತಂಡ ತನ್ನ ವಿಭಾಗದಲ್ಲಿ ಮೂರನೆಯ ಸ್ಥಾನಕ್ಕೆ ಬಂತು. ಗೇಮ್ ಕಟ್ಟಿದ ಕಜುನೊರಿ ಯಾಮಾಉಚಿ ಅವರೂ ನ್ಯೂರ್ಬರ್ಗ್‌ರಿಂಗ್‌ನ 24 ಗಂಟೆಯ ರೇಸಿನಲ್ಲಿ ಓಡಿಸಿದ್ದಾರೆ.

ನನಗೆ ಇದಕ್ಕಿಂತಲೂ ಇಷ್ಟವಾದ ಸಂಗತಿ ಇನ್ನೊಂದು. 2007ರಲ್ಲಿ ಬಂದ ನಿಸ್ಸಾನ್ ಜಿಟಿ-ಆರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಟರ್ಬೊ ಒತ್ತಡ, ಎಣ್ಣೆಯ ಬಿಸಿ ತೋರಿಸುವ ಪರದೆ ಇದೆಯಲ್ಲ, ಅದರ ವಿನ್ಯಾಸ ಮಾಡಿದ್ದು ಆ ಗೇಮ್ ತಯಾರಿಸುವ ಪಾಲಿಫೋನಿ ಡಿಜಿಟಲ್. ಗೇಮಿನವರು ಕಾರಿನೊಳಗೆ ಬಂದು ಕೂತರು!

ನಮ್ಮ ಮಗ ಇದನ್ನು ಆಡಿ ರಸ್ತೆಯಲ್ಲೂ ಹಾಗೆಯೇ ಓಡಿಸಿದರೆ?

ಅತ್ತೆಯವರು, ಅಕ್ಕಂದಿರು ಕೇಳುವ ಪ್ರಶ್ನೆ. ಈ ಹೆದರಿಕೆ ಸುಮ್ನೆ ಅಲ್ಲ. ನನ್ನ ಉತ್ತರ: ಅವನ ಪಕ್ಕದಲ್ಲಿ ಕೂತು ನೋಡಿ, ಯಾವ ಥರ ಆಡುತ್ತಾನೆ ಅಂತ. ಗೋಡೆಗೆ ಗುದ್ದಿ, ಬೇರೆ ಕಾರನ್ನು ತಳ್ಳಿ ಮುಂದೆ ಹೋಗುವ ಗೇಮ್ ಒಂದು ಥರ. ಒಂದು ಸಲ ಹುಲ್ಲಿಗೆ ಇಳಿದರೆ ಲ್ಯಾಪ್ ಹಾಳಾಗುವ ಸಿಮ್ಯುಲೇಟರ್ ಇನ್ನೊಂದು ಥರ. ಎರಡನೆಯದರಲ್ಲಿ ತಾಳ್ಮೆ ಬೇಕೇ ಬೇಕು.

ಹುಡುಗರಿಗೆ ನಾನು ಲೆಕ್ಕ ಹೇಳುತ್ತೇನೆ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತೀರಿ. ಫೋನಿಗೆ ಒಮ್ಮೆ ಕಣ್ಣು ಹಾಕಿ ತೆಗೆಯುವಷ್ಟರಲ್ಲಿ ಒಂದು ಮನೆಯ ಅಂಗಳ ದಾಟಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲುವ ದೂರ ನಾಲ್ಕು ಪಟ್ಟು. ಇದನ್ನು ಗೇಮಿನಲ್ಲೇ ಅಳೆದು ತೋರಿಸಿದರೆ ಬೈಗುಳಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಹದಿನೆಂಟು ತುಂಬದವನ ಕೈಗೆ ಕೀ ಕೊಡಲೇಬೇಡಿ. 2019ರ ತಿದ್ದುಪಡಿಯ ನಂತರ ಸಿಕ್ಕಿಬಿದ್ದರೆ ತಂದೆತಾಯಿ ಅಥವಾ ಗಾಡಿಯ ಯಜಮಾನನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಕೋಣೆಯಲ್ಲಿ ಎಷ್ಟು ಬೇಕಾದರೂ ಓಡಿಸಲಿ.

ಯಾವ ಗೇಮಿನಿಂದ ಶುರು ಮಾಡಬೇಕು?

ಪ್ಲೇಸ್ಟೇಷನ್ ಇದ್ದರೆ ಗ್ರಾನ್ ಟುರಿಸ್ಮೊ 7. ಲೈಸೆನ್ಸ್ ಪರೀಕ್ಷೆಗಳು ಅದರಲ್ಲೂ ಇವೆ, ಅವನ್ನು ಬಿಟ್ಟು ಮುಂದೆ ಓಡಬೇಡಿ. ಆದರೆ ಇಂಟರ್‌ನೆಟ್ ಇಲ್ಲದಿದ್ದರೆ ಅದರ ಹೆಚ್ಚಿನ ಭಾಗ ತೆರೆಯುವುದಿಲ್ಲ. ಮಳೆಗಾಲದಲ್ಲಿ ತೋಟದ ನಡುವಿನ ಮನೆಯವರು ಇದನ್ನು ನೆನಪಿಡಿ. ಕಂಪ್ಯೂಟರ್ ಇದ್ದರೆ ಇಟಲಿಯ ಕುನೋಸ್ ಸಂಸ್ಥೆಯ ಅಸೆಟ್ಟೊ ಕೊರ್ಸ. 2014ರ ಗೇಮು, ಹಳೆಯ ಯಂತ್ರದಲ್ಲೂ ಓಡುತ್ತದೆ, ಆಫರ್ ಬಂದಾಗ ತುಂಬ ಅಗ್ಗಕ್ಕೆ ಸಿಗುತ್ತದೆ. ನಿಜವಾದ ಟ್ರ್ಯಾಕನ್ನು ಲೇಸರ್‌ನಿಂದ ಅಳೆದು ಮಾಡಿದ್ದಾರೆ, ಡಾಂಬರಿನ ಉಬ್ಬುತಗ್ಗು ಕೂಡ ಇದ್ದ ಹಾಗೇ ಇದೆ. ಸುಮ್ನೆ ಊರು ಸುತ್ತುವ ಆಸೆ ಇದ್ದರೆ ಫೋರ್ಜಾ ಹೊರೈಜನ್.

ಶುರುವಿಗೆ ಸಾವಿರ ಕುದುರೆಶಕ್ತಿಯ ಕಾರು ತೆಗೆಯಬೇಡಿ. ಸಣ್ಣ ಕಾರು, ಸಣ್ಣ ಟ್ರ್ಯಾಕು. ಒಂದೇ ಕಾರಿನಲ್ಲಿ ನೂರು ಲ್ಯಾಪ್ ಹಾಕಿ.

ಸ್ಟಿಯರಿಂಗ್ ಬೇಕೇ ಬೇಕಾ? ಎಷ್ಟು ಜಾಗ ಬೇಕು?

ಬೇಕೇ ಬೇಕು ಅಂತಿಲ್ಲ. ಕಂಟ್ರೋಲರಿನಲ್ಲೂ ಒಳ್ಳೆಯ ಲ್ಯಾಪ್ ಬರುತ್ತದೆ. ಆದರೆ ಟಯರು ಹಿಡಿತ ಬಿಡುವಾಗ ಸ್ಟಿಯರಿಂಗ್ ಹಗುರಾಗುವುದು ಕೈಗೆ ತಿಳಿಯಬೇಕಾದರೆ ಫೋರ್ಸ್ ಫೀಡ್‌ಬ್ಯಾಕ್ ಇರುವ ವೀಲ್ ಬೇಕು. ನನ್ನದು ಲಾಜಿಟೆಕ್ ಜಿ29, ಸೆಕೆಂಡ್ ಹ್ಯಾಂಡ್. 900 ಡಿಗ್ರಿ ತಿರುಗುತ್ತದೆ, ಅಂದರೆ ಎರಡೂವರೆ ಸುತ್ತು. ಒಳಗೆ ಗಿಯರ್ ಹಲ್ಲುಗಳು ಇರುವುದರಿಂದ ಸ್ವಲ್ಪ ಕರಕರ ಸದ್ದು ಇದೆ. ದುಬಾರಿ ಡೈರೆಕ್ಟ್ ಡ್ರೈವ್ ವೀಲಿನಲ್ಲಿ ಮೋಟರಿನ ಕಂಬಕ್ಕೇ ಸ್ಟಿಯರಿಂಗ್ ಕೂರಿಸಿರುತ್ತಾರೆ, ಸದ್ದೇ ಇಲ್ಲ. ಆದರೆ ದುಡ್ಡು ಜಾಸ್ತಿ ಇದ್ದರೆ ಮೊದಲು ಬ್ರೇಕ್ ಪೆಡಲಿಗೆ ಹಾಕಿ ಅಂತ ನಾನು ಹೇಳುವುದು. ಲೋಡ್ ಸೆಲ್ ಪೆಡಲು ಕಾಲು ಎಷ್ಟು ದೂರ ಹೋಯಿತು ಅಂತ ನೋಡುವುದಿಲ್ಲ, ಎಷ್ಟು ಬಲ ಹಾಕಿದೆ ಅಂತ ನೋಡುತ್ತದೆ. ನಿಜವಾದ ಬ್ರೇಕೂ ಹಾಗೆಯೇ.

ಇಡಲಿಕ್ಕೆ ಅಜ್ಜನ ಕಾಲದ ಹಲಸಿನ ಮರದ ಮೇಜು ಬಳಸುತ್ತೇನೆ. ಪ್ಲೈವುಡ್ ಮೇಜು ಈ ಕುಲುಕಾಟಕ್ಕೆ ಎರಡು ತಿಂಗಳೂ ಬಾಳಲಿಲ್ಲ. ಕ್ಲ್ಯಾಂಪು ಬಿಗಿ ಮಾಡಿದರೆ ಮರಕ್ಕೆ ಗುರುತು ಬೀಳುತ್ತದೆ, ಅಮ್ಮನಿಗೆ ಬೇಜಾರು. ಅದಕ್ಕೆ ಅಡಿಕೆ ಹಾಳೆಯನ್ನು ನೆನೆಸಿ, ಎರಡು ಮಡಿಕೆ ಮಾಡಿ, ಕ್ಲ್ಯಾಂಪಿನ ಅಡಿಗೆ ಇಟ್ಟೆ. ಒಣಗಿದ ಮೇಲೆ ಅದೇ ಅಚ್ಚಿಗೆ ಕೂತಿತು. ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತದೆ, ಜಾರುವುದಿಲ್ಲ. ಮಳೆಗಾಲದಲ್ಲಿ ಒಂದು ಸಲ ಬದಲಾಯಿಸಿದರೆ ಸಾಕು.

ನಮ್ಮ ಮಳೆಗೆ ಈ ಸಾಮಾನೆಲ್ಲ ಬಾಳುತ್ತದಾ?

ನೋಡಿಕೊಂಡರೆ ಬಾಳುತ್ತದೆ. ಆಟಿಯಲ್ಲಿ ವೀಲಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಕನ್ಸೋಲನ್ನು ಪೆಟ್ಟಿಗೆಯೊಳಗೆ ಮುಚ್ಚಿಡುವುದಕ್ಕಿಂತ ದಿನಾ ಅರ್ಧ ಗಂಟೆ ಓಡಿಸುವುದು ಒಳ್ಳೆಯದು, ಆ ಬಿಸಿಗೆ ತೇವ ಹೋಗುತ್ತದೆ. ಬೆಚ್ಚಗಿನ ಜಾಗ ಅಂತ ಇರುವೆ ಗೂಡು ಕಟ್ಟುತ್ತದೆ, ಹಿಂದಿನ ತೂತುಗಳನ್ನು ನೋಡುತ್ತಿರಿ.

ಸಿಡಿಲಿನದ್ದೇ ದೊಡ್ಡ ಹೆದರಿಕೆ. ತುಲಾ ತಿಂಗಳಿನ ಮಧ್ಯಾಹ್ನದ ಮೋಡ ನಿಮಗೆ ಗೊತ್ತೇ ಇದೆ. ನಾನು ಒಮ್ಮೆ ಕರೆಂಟಿನ ಪ್ಲಗ್ ತೆಗೆದು ಸಮಾಧಾನದಿಂದ ಕೂತಿದ್ದೆ. ಸಿಡಿಲು ಇಂಟರ್‌ನೆಟ್ ವಯರಿನಿಂದ ಬಂತು. ರೂಟರು ಸುಟ್ಟಿತು, ಕನ್ಸೋಲಿನ ನೆಟ್‌ವರ್ಕ್ ಪೋರ್ಟ್ ಹೋಯಿತು. ಅಂದಿನಿಂದ ಗುಡುಗು ದೂರದಲ್ಲಿ ಕೇಳಿದರೂ ಕರೆಂಟು, ಡಿಶ್ಶು, ನೆಟ್‌ವರ್ಕ್ ಕೇಬಲ್ಲು, ಮೂರನ್ನೂ ಕಿತ್ತು ಇಡುತ್ತೇನೆ.

ಹಳೆಯ ಗೇಮುಗಳಲ್ಲಿ ಪೋರ್ಷೆ ಯಾಕಿಲ್ಲ? ರೂಫ್ ಅಂತ ಯಾಕಿದೆ?

ಪೋರ್ಷೆ ಹೆಸರನ್ನು ಗೇಮಿನಲ್ಲಿ ಬಳಸುವ ಹಕ್ಕು ತುಂಬ ವರ್ಷ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ಕೈಯಲ್ಲಿತ್ತು. ಅದು 2016ಕ್ಕೆ ಮುಗಿಯಿತು. ಅಲ್ಲಿಯವರೆಗೆ ಬೇರೆ ಹಲವು ಗೇಮಿನವರು ರೂಫ್ ಹಾಕುತ್ತಿದ್ದರು. ರೂಫ್ ಅಂದರೆ ಪೋರ್ಷೆಯ ಬಾಡಿ ತೆಗೆದುಕೊಂಡು ತಮ್ಮದೇ ಕಾರು ಕಟ್ಟುವ ಜರ್ಮನಿಯ ಸಣ್ಣ ಕಂಪನಿ. ನಾನು ವರ್ಷಗಟ್ಟಲೆ ರೂಫನ್ನೇ ಓಡಿಸಿ 911 ಕಲಿತೆ.

ಈ ಹಕ್ಕುಗಳ ಇನ್ನೊಂದು ಪರಿಣಾಮ ಗೊತ್ತಿರಲಿ. ಅವಧಿ ಮುಗಿದಾಗ ಗೇಮನ್ನೇ ಮಾರಾಟದಿಂದ ತೆಗೆಯುತ್ತಾರೆ. ಫೋರ್ಜಾ ಹೊರೈಜನ್ 4 ಹೀಗೆ 2024ರ ಡಿಸೆಂಬರಿನಲ್ಲಿ ಹೋಯಿತು. ದಿ ಕ್ರೂ ಎಂಬ ಗೇಮಿನ ಸರ್ವರನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿದರು, ದುಡ್ಡು ಕೊಟ್ಟು ತೆಗೆದುಕೊಂಡವರಿಗೂ ಅದು ಈಗ ಇಲ್ಲ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ದೊಡ್ಡಮಾವ ತಂದ ಆ ಡಿಸ್ಕು ಇವತ್ತಿಗೂ ಓಡುತ್ತದೆ.

ನನ್ನ ಕಾರಿಗೆ ಗೇಮಿನ ಹಾಗೆ ಎಕ್ಸಾಸ್ಟ್, ಅಗಲ ಟಯರು ಹಾಕಿಸಬಹುದಾ?

ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೆಯೇ ಹೇಳಿದೆ. ಕೇರಳದಲ್ಲಿ ತಪಾಸಣೆ ಬಿಗಿ ಅಂತ ನಿಮಗೂ ಗೊತ್ತು. ಸೈಲೆನ್ಸರ್ ಕತ್ತರಿಸಿದರೆ ಪಕ್ಕದ ಮನೆಯ ಮಗು ನಿದ್ದೆಯಿಂದ ಏಳುತ್ತದೆ, ಅಷ್ಟೇ ಲಾಭ. ದುಡ್ಡು ಇದ್ದರೆ ಒಳ್ಳೆಯ ಟಯರು ಹಾಕಿ, ಬ್ರೇಕ್ ಪ್ಯಾಡ್, ಬ್ರೇಕ್ ಎಣ್ಣೆ ಸಮಯಕ್ಕೆ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿ. ನನ್ನ ಸ್ವಿಫ್ಟ್ 2005ರಲ್ಲಿ ಬಂದ ಮೊದಲ ತಲೆಮಾರಿನದ್ದು, 1.3 ಪೆಟ್ರೋಲ್, ತೂಕ ಸಾವಿರ ಕಿಲೋದ ಆಸುಪಾಸು. ಹೊಸ ಟಯರು, ಹೊಸ ಬುಶ್ ಹಾಕಿಸಿದ ದಿನ ಬೇರೆಯೇ ಕಾರು ಅನಿಸಿತು. ಉಳಿದ ಆಸೆಗಳೆಲ್ಲ ಗೇಮಿನ ಗ್ಯಾರೇಜಿನಲ್ಲಿ ತೀರುತ್ತವೆ.

ಮಂಗಳೂರಿನಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಸಿಕ್ಕಿದೆ. ಕೆಎ ನಂಬರಿನಲ್ಲೇ ಓಡಿಸಬಹುದಾ?

ಇಲ್ಲೇ ಇಟ್ಟುಕೊಳ್ಳುವುದಾದರೆ 12 ತಿಂಗಳ ಮೇಲೆ ಆಗುವುದಿಲ್ಲ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ ಕೆಎಲ್ 14 ಮಾಡಿಸಬೇಕು. ಬೆಲೆ ಮಾತಾಡುವಾಗಲೇ ಈ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಗಡಿಯಲ್ಲಿರುವ ನಾವು ಹೆಚ್ಚಾಗಿ ಇದನ್ನು ಮರೆಯುತ್ತೇವೆ.

ನಿಜವಾದ ರೇಸ್ ಟ್ರ್ಯಾಕ್ ಎಲ್ಲಿ ನೋಡಬಹುದು?

ನಮಗೆ ಹತ್ತಿರದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಕಾಸರಗೋಡಿನಿಂದ ರೈಲು ಹತ್ತಿದರೆ ಸಾಕು. ಟ್ರ್ಯಾಕಿನ ಉದ್ದ ಸುಮಾರು 2.1 ಕಿ.ಮೀ. ಫಾರ್ಮುಲಾ ಮಾರುತಿ ಎಂಬ ರೇಸ್ ಕಾರನ್ನು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಮಾರುತಿ 800ರ ಎಂಜಿನ್ ಇಟ್ಟು ಒಂದೇ ಸೀಟಿನ ರೇಸ್ ಕಾರು! 2005ರಲ್ಲಿ ಭಾರತದ ಮೊದಲ ಫಾರ್ಮುಲಾ 1 ಚಾಲಕರಾದ ನಾರಾಯಣ್ ಕಾರ್ತಿಕೇಯನ್ ಅವರೂ ಕೊಯಮತ್ತೂರಿನವರೇ. ಅಲ್ಲಿಯ ಮೈದಾನದ ಅಂಚಿನಲ್ಲಿ ನಿಂತರೆ ಕಾರು ಬ್ರೇಕ್ ಹಾಕಿದಾಗ ಮೂಗು ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಪೈವಳಿಕೆಯ ಕಂಬಳದಲ್ಲಿ ಕೋಣಗಳು ಓಟ ಮುಗಿಸುವ ಮಂಜೊಟ್ಟಿಯ ಹತ್ತಿರ ನಿಂತು ನೋಡಿದವರಿಗೆ ಆ ರೋಮಾಂಚನ ವಿವರಿಸಬೇಕಾಗಿಲ್ಲ.

ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಅಂತೀರಿ. ಕನ್ನಡದಲ್ಲಿ ಹೇಳಬಾರದಾ?

ಹೇಳುತ್ತೇವೆ. ಗೇಮ್ ಆಡುವ ನಮ್ಮ ಗುಂಪಿನಲ್ಲಿ ತುಳು, ಮಲಯಾಳ, ಕನ್ನಡ, ಹವ್ಯಕ ಎಲ್ಲ ಇರುವುದರಿಂದ ಬಾಯಿಗೆ ಬಂದದ್ದು ಬರುತ್ತದೆ. ‘ಮೂಗು ಜಾರಿತು’ ಅಂದರೆ ಅಂಡರ್‌ಸ್ಟಿಯರ್, ಸ್ಟಿಯರಿಂಗ್ ತಿರುಗಿಸಿದರೂ ಮುಂಭಾಗ ನೇರ ಹೋಗುವುದು. ‘ಬಾಲ ಬೀಸಿತು’ ಅಂದರೆ ಓವರ್‌ಸ್ಟಿಯರ್, ಹಿಂಭಾಗ ಹೊರಗೆ ಜಾರುವುದು. ಹೊಸದಾಗಿ ಬಂದವನಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಮನೆಯಲ್ಲಿ ಯಾರೂ ಬೈಯುವುದಿಲ್ವಾ?

ಮೊದಲು ಬೈಯುತ್ತಿದ್ದರು. ಕಳೆದ ಮಳೆಗಾಲದಲ್ಲಿ ಸಣ್ಣಮಾವ ಬಂದಿದ್ದರು. ಮೂವತ್ತು ವರ್ಷ ಮುಳ್ಳೇರಿಯದಲ್ಲಿ ಸರ್ವಿಸ್ ಜೀಪು ಓಡಿಸಿದವರು. ‘ಎಂತ ಮಾರಾಯ ಇದು, ನಿಂತಲ್ಲೇ ಡ್ರೈವಿಂಗು’ ಅಂದರು. ಕೂರಿಸಿದೆ. ಅಸೆಟ್ಟೊ ಕೊರ್ಸದಲ್ಲಿ ನ್ಯೂರ್ಬರ್ಗ್‌ರಿಂಗಿನ ಹಳೆಯ ಟ್ರ್ಯಾಕ್, ಕಾಡಿನ ನಡುವೆ 20.8 ಕಿ.ಮೀ. ಹತ್ತಿ ಇಳಿಯುವ ರಸ್ತೆ. ಕೊಟ್ಟದ್ದು ಹಳೆಯ ಸಣ್ಣ ಕಾರು. ಮಾವ ಒಂದು ಕಡೆಯೂ ಜಾರಲಿಲ್ಲ. ಪ್ರತಿ ತಿರುವಿಗೂ ಮೊದಲೇ ಬ್ರೇಕ್ ಮುಗಿಸಿ, ಗಿಯರ್ ಇಳಿಸಿ, ಮೆಲ್ಲ ಎತ್ತುತ್ತಾ ಹೊರಬರುತ್ತಿದ್ದರು. ನಾನು ವರ್ಷಗಟ್ಟಲೆ ಕಲಿತದ್ದು ಅವರ ಕಾಲಿನಲ್ಲಿ ಮೊದಲೇ ಇತ್ತು.

ಕಾಣದ ತಿರುವು ಬಂದಾಗಲೆಲ್ಲ ಅವರ ಬಲಗೈ ಸ್ಟಿಯರಿಂಗಿನ ನಡುವನ್ನು ಒತ್ತುತ್ತಿತ್ತು. ‘ಇದಕ್ಕೆ ಹಾರ್ನ್ ಇಲ್ವಾ?’ ಅಂದರು. ಅಲ್ಲಿಯವರೆಗೆ ನಾನು ಆ ಬಟನ್ ಸೆಟ್ ಮಾಡಿಯೇ ಇರಲಿಲ್ಲ. ಅವತ್ತೇ ಮಾಡಿದೆ. ಈಗ ಮಾವ ಬಂದರೆ ಜರ್ಮನಿಯ ಆ ಕಾಡಿನಲ್ಲಿ ಪ್ರತಿ ತಿರುವಿಗೂ ಹಾರ್ನ್ ಕೇಳುತ್ತದೆ.